ಪಗಾರದಿಂದ ಮುರಿದ ಹಣ ಕಂಪನಿಯದಲ್ಲ
(ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಲಾಗಣಿ, ಕುಳೆ, ಗೊಬ್ಬರದ ವಿಷಯ ಪ್ರತಿ ಸಭೆಯಲ್ಲೂ ಮಾತಾಡಿದ್ದೇವೆ. ಇಂದು ಬೇರೆ ವಿಷಯ. ನಮ್ಮ ಜತ್ತ, ಅಕ್ಕಲಕೋಟ ಭಾಗದ ಸದಸ್ಯರಲ್ಲಿ ಕೆಲವರು ರೈತ ಉತ್ಪಾದಕ ಕಂಪನಿ ಕಟ್ಟಿ ಸಂಚಾಲಕರಾಗಿದ್ದೀರಿ. 2002ರ ಕಂಪನಿ ಕಾಯ್ದೆ ತಿದ್ದುಪಡಿ ಈ ದಾರಿ ತೆರೆಯಿತು. ಹತ್ತು ಜನ ಬೆಳೆಗಾರರು ಕೂಡಿದರೆ ಕಂಪನಿ. ಸಂಚಾಲಕರು ಕನಿಷ್ಠ ಐವರು. ಮ್ಯಾನೇಜರ, ಗುಮಾಸ್ತ, ಗೋದಾಮಿಗೆ ಇಬ್ಬರು ಎಂದು ನೇಮಿಸಿದ ತಿಂಗಳಿನಿಂದ ನೀವು ಪಗಾರ ಕೊಡುವ ಮಾಲೀಕರು. ಪಗಾರದ ಬೆನ್ನಿಗೆ ತೆರಿಗೆಯ ಹೊಣೆಯೂ ಬರುತ್ತದೆ.

ನಿಮಗೆ ಗೊತ್ತಿರುವ ಲೆಕ್ಕದಿಂದಲೇ ಹೇಳುತ್ತೇನೆ. ಕಬ್ಬಿನ ಬಿಲ್ಲಿನಲ್ಲಿ ಸೊಸೈಟಿ ಸಾಲಕ್ಕೆ ಹಣ ಮುರಿಯುತ್ತಾರೆ. ಮುರಿದ ಹಣ ಸೊಸೈಟಿಗೆ ಮುಟ್ಟದಿದ್ದರೆ ಬಡ್ಡಿ ಏರುವುದು ಯಾರ ಖಾತೆಗೆ? ನಿಮ್ಮ ಖಾತೆಗೆ. ಆಗ ನೀವು ಸುಮ್ಮನಿರುವುದಿಲ್ಲ. ಗುಮಾಸ್ತನ ಪಗಾರದಿಂದ ನೀವು ಮುರಿದ ಹಣವೂ ಹಾಗೆಯೇ. ಕಂಪನಿಯ ಖಾತೆಯಲ್ಲಿದ್ದರೂ ಅದು ಕಂಪನಿಯದಲ್ಲ.

ಮೊದಲನೆಯದು ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ ಇದು 1975ರ ಕಾಯ್ದೆ. ಪಗಾರ 10,000 ರೂಪಾಯಿ ದಾಟಿದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500. ಮಹಿಳೆಯರಿಗೆ 25,000ದವರೆಗೆ ಈ ತೆರಿಗೆ ಇಲ್ಲ. ಸಣ್ಣ ಕಂಪನಿಗಳು ವರ್ಷದ ಲೆಕ್ಕ ಕೊಡಬೇಕಾದದ್ದು ಮಾರ್ಚ್ 31ರೊಳಗೆ. ಅಪಾಯ ಇರುವುದು ಇಲ್ಲಿಯೇ. ನಾಲ್ವರಿಂದ ಮುರಿದ 10,000 ರೂಪಾಯಿ ವರ್ಷವಿಡೀ ಖಾತೆಯಲ್ಲಿ ಕೂಡುತ್ತದೆ. ಗೊಬ್ಬರದ ಲಾರಿ ಬಂದ ದಿನ ಅದರ ಮೇಲೆ ಕಣ್ಣು ಬೀಳುತ್ತದೆ. ಮಾರ್ಚ್ ಬಂದಾಗ ಕೈ ಖಾಲಿ.

ಕಂಪನಿಗೂ ಬೇರೆಯಾಗಿ ವರ್ಷಕ್ಕೆ 2,500 ಇದೆ. ಸಂಚಾಲಕರಾದ ನಿಮಗೂ ಇದೆ. 65 ವಯಸ್ಸು ದಾಟಿದವರಿಗೆ ವಿನಾಯಿತಿ.

ಎರಡನೆಯದು ನೌಕರರ ವಿಮೆ ಮತ್ತು ಭವಿಷ್ಯ ನಿಧಿ. 2020ರ ಫೆಬ್ರವರಿಯಿಂದ ಹೊಸ ಕಂಪನಿ ನೋಂದಣಿಯಾಗುವಾಗಲೇ ಇವುಗಳ ನಂಬರೂ ಬರುತ್ತದೆ. ನಂಬರು ಬಂತೆಂದು ಗಾಬರಿ ಬೇಡ. ವಿಮೆಗೆ ಹತ್ತು ಜನ, ಭವಿಷ್ಯ ನಿಧಿಗೆ ಇಪ್ಪತ್ತು ಜನ ಆದಾಗ ತುಂಬುವ ಹೊಣೆ. ವಿಮೆ 21,000ದವರೆಗಿನ ಪಗಾರಕ್ಕೆ: 20,000 ಪಗಾರವಿದ್ದರೆ ನೌಕರನದು 150, ಕಂಪನಿಯದು 650. ಭವಿಷ್ಯ ನಿಧಿಗೆ ಇಬ್ಬರದೂ ನೂರಕ್ಕೆ 12. ಎರಡಕ್ಕೂ ಮುಂದಿನ ತಿಂಗಳ 15ನೆಯ ತಾರೀಖು ಕೊನೆ. ವಿಮೆಯ ಹಣ ತುಂಬದಿದ್ದರೆ, ನೌಕರನ ಮನೆಯಲ್ಲಿ ಕಾಯಿಲೆ ಬಂದ ದಿನ ಆಸ್ಪತ್ರೆಯ ಬಾಗಿಲಲ್ಲಿ ಅವನೇ ನಿಲ್ಲಬೇಕಾಗುತ್ತದೆ.

ಮೂರನೆಯದು ಆದಾಯ ತೆರಿಗೆ. ತಿಂಗಳಿಗೆ 25,000 ಪಡೆಯುವವನ ವರ್ಷದ ಪಗಾರ ಮೂರು ಲಕ್ಷ. ಅಷ್ಟರ ಮೇಲೆ ತೆರಿಗೆ ಬೀಳದು, ಮುರಿಯಬೇಕಿಲ್ಲ. ತೆರಿಗೆ ಬೀಳುವಷ್ಟು ಪಗಾರವಿದ್ದರೆ ಮಾತ್ರ ಟ್ಯಾನ್ ನಂಬರು ಪಡೆದು, ಪ್ರತಿ ತಿಂಗಳು ಮುರಿದು, ಮುಂದಿನ ತಿಂಗಳ 7ರೊಳಗೆ ತುಂಬಬೇಕು. ಮಾರ್ಚಿನದು ಏಪ್ರಿಲ್ 30ರೊಳಗೆ. ಮುರಿದು ತುಂಬದಿದ್ದರೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ. ಕೋರ್ಟಿನ ಪ್ರಕರಣವೂ ಆಗಬಹುದು; ಅದರಲ್ಲಿ ಸಂಚಾಲಕರ ಹೆಸರೂ ಬರಬಹುದು. “ಲೆಕ್ಕ ಗುಮಾಸ್ತ ನೋಡುತ್ತಾನೆ” ಎಂಬ ಮಾತು ಅಲ್ಲಿ ನಡೆಯದು.

ಆದ್ದರಿಂದ ಮೂರು ಕೆಲಸ ಮಾಡಿರಿ. ಪಗಾರ ಕೊಟ್ಟ ದಿನವೇ ಮುರಿದ ಹಣವನ್ನು ಬೇರೆ ಖಾತೆಗೆ ಹಾಕಿರಿ. ಪಗಾರ ಚೀಟಿಯಲ್ಲಿ ಯಾವುದಕ್ಕೆ ಎಷ್ಟು ಮುರಿದಿರೆಂದು ಬರೆದು ನೌಕರನ ಕೈಗೆ ಕೊಡಿರಿ. ಪ್ರತಿ ಮಂಡಳಿ ಸಭೆಯಲ್ಲಿ ತುಂಬಿದ ಚಲನ್ ತರಿಸಿ ಕಣ್ಣಾರೆ ನೋಡಿರಿ.

ಚಲನ್ ಕೇಳಿದರೆ ಮ್ಯಾನೇಜರ ಬೇಸರಪಟ್ಟಾನೆಂದು ಸಂಕೋಚ ಬೇಡ. ತೂಕದ ಕಾಟಾದ ಮುಂದೆ ನಿಂತು ನೀವು ಚೀಟಿ ಕೇಳುವುದಿಲ್ಲವೇ? ಇದೂ ಅಷ್ಟೇ.