ಪರೀಕ್ಷೆಯ ದಿನಾಂಕವೂ ಒಂದು ಅಮಾನತ್

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದಾಯದ ಶಿಕ್ಷಣದ ಕುರಿತು ಸಭೆ ಕರೆದಾಗ ನಮ್ಮ ಭಾಷಣಕಾರರು ಜ್ಞಾನದ ಮಹತ್ವದಿಂದ ಆರಂಭಿಸಿ, ಬಗ್ದಾದ್ ಮತ್ತು ಕೊರ್ಡೋವಾದ ಗ್ರಂಥಾಲಯಗಳನ್ನು ಸುತ್ತಿ, 2006ರ ಸಾಚಾರ್ ವರದಿಯಲ್ಲಿ ಬಂದು ನಿಲ್ಲುವುದು ವಾಡಿಕೆ. ಅವೆಲ್ಲವೂ ಸತ್ಯವೇ. ಆದರೆ ಇಂದು ನಾನು ಬಹಳ ಸಣ್ಣದೆಂದು ತೋರುವ ಒಂದು ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಅದು ಪರೀಕ್ಷೆಯ ವೇಳಾಪಟ್ಟಿ. ರಾಜ್ಯದ ಎಲ್ಲ ಮಕ್ಕಳಿಗೆ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಸುವುದಾದರೆ ಆ ದಿನಾಂಕವನ್ನು ಯಾರು, ಯಾವಾಗ ಮತ್ತು ಯಾರನ್ನು ಕೇಳಿ ನಿರ್ಧರಿಸುತ್ತಾರೆ? ನಿರ್ಧರಿಸಿದ ದಿನಾಂಕ ಬದಲಾದಾಗ ಅದರ ಬೆಲೆ ತೆರುವವರು ಯಾರು?

2023 ಮತ್ತು 2024ರ ಎರಡು ಮಾರ್ಚ್ ತಿಂಗಳುಗಳನ್ನು ನೆನಪಿಸಿಕೊಳ್ಳಿರಿ. 2022ರ ಡಿಸೆಂಬರಿನಲ್ಲಿ, ಅಂದರೆ ಶೈಕ್ಷಣಿಕ ವರ್ಷದ ಅರ್ಧಕ್ಕಿಂತ ಹೆಚ್ಚು ಭಾಗ ಮುಗಿದ ಮೇಲೆ, ಅಂದಿನ ಬಿಜೆಪಿ ಸರಕಾರವು ಐದನೇ ಮತ್ತು ಎಂಟನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸುವುದಾಗಿ ಸುತ್ತೋಲೆ ಹೊರಡಿಸಿತು. ಪರೀಕ್ಷೆಯು 2023ರ ಮಾರ್ಚ್ 13ರಂದು ಆರಂಭವಾಗಬೇಕಿತ್ತು. ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠವು ಆ ಸುತ್ತೋಲೆಗಳನ್ನು ರದ್ದುಪಡಿಸಿತು. ಐದೇ ದಿನಗಳಲ್ಲಿ, ಮಾರ್ಚ್ 15ರಂದು, ವಿಭಾಗೀಯ ಪೀಠವು ಆ ತೀರ್ಪಿಗೆ ತಡೆ ನೀಡಿ, 27ರಿಂದ ಪರೀಕ್ಷೆ ನಡೆಸಲು ಅನುಮತಿಸಿತು. ಯಾವ ಮಗುವನ್ನೂ ಅನುತ್ತೀರ್ಣಗೊಳಿಸಬಾರದು, ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಬಾರದು ಎಂಬ ಷರತ್ತುಗಳನ್ನೂ ವಿಧಿಸಿತು. ಆ ವರ್ಷ ರಮಝಾನ್ ಆರಂಭವಾದದ್ದು ಮಾರ್ಚ್ 24ರಂದು. ಹೀಗೆ ರಮಝಾನಿಗೆ ಮೊದಲೇ ಮುಗಿಯಬೇಕಿದ್ದ ಪರೀಕ್ಷೆಯು ನಾಲ್ಕನೆಯ ಉಪವಾಸದ ದಿನ ಆರಂಭವಾಯಿತು.

ಸರಕಾರ ಬದಲಾಯಿತು. ರೀತಿ ಬದಲಾಗಲಿಲ್ಲ. 2023ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸರಕಾರವು ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ಮಂಡಳಿ ಪರೀಕ್ಷೆಯ ಅಧಿಸೂಚನೆ ಹೊರಡಿಸಿತು. ಆಗಲೂ ವರ್ಷದ ನಡುವೆಯೇ. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು. ಮರುದಿನವೇ ವಿಭಾಗೀಯ ಪೀಠ ತಡೆ ನೀಡಿತು. ಮಾರ್ಚ್ 11ರಂದು ಮಕ್ಕಳು ಪರೀಕ್ಷೆಗೆ ಕುಳಿತರು. 12ರಂದು ಸುಪ್ರೀಂ ಕೋರ್ಟ್ ಆ ತಡೆಯಾಜ್ಞೆಯನ್ನು ತೆಗೆದುಹಾಕಿತು. ಎರಡು ದಿನ ಉತ್ತರ ಬರೆದಿದ್ದ ಮಕ್ಕಳಿಗೆ ಮೂರನೆಯ ದಿನ ಪರೀಕ್ಷೆ ಇಲ್ಲವೆಂದು ಹೇಳಿ ಕಳುಹಿಸಲಾಯಿತು. ಮಾರ್ಚ್ 22ರಂದು ವಿಭಾಗೀಯ ಪೀಠ ಸರಕಾರದ ಪರ ತೀರ್ಪಿತ್ತಿತು. ಉಳಿದ ಪರೀಕ್ಷೆಗಳು 25ರಿಂದ ಮತ್ತೆ ಆರಂಭವಾದವು. ಅದೇ 25ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಆರಂಭ. ಅದೇ ದಿನಗಳಲ್ಲಿ ನಮ್ಮ ಹಿಂದೂ ನೆರೆಯವರ ಮಕ್ಕಳಿಗೆ ಹೋಳಿ ಹುಣ್ಣಿಮೆ. ನಮ್ಮ ಮಕ್ಕಳಿಗೆ ರಮಝಾನಿನ ಮಧ್ಯಭಾಗ. ಕೊನೆಗೆ ಏಪ್ರಿಲ್ 8ರಂದು, ಈದ್‌ಗೆ ಮೂರು ದಿನವಿರುವಾಗ, ಸುಪ್ರೀಂ ಕೋರ್ಟ್ ಫಲಿತಾಂಶಕ್ಕೂ ತಡೆ ನೀಡಿತು.

ಹತ್ತು ವರ್ಷದ ಒಂದು ಮಗು ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ನ್ಯಾಯಾಲಯಗಳನ್ನು ನಾನು ದೂರುತ್ತಿಲ್ಲ. ದೂರು ಬಂದರೆ ಕೇಳುವುದು ಅವುಗಳ ಕರ್ತವ್ಯ. ಶಿಕ್ಷಣ ಹಕ್ಕು ಕಾಯ್ದೆ 2009ರ 30ನೆಯ ಸೆಕ್ಷನ್, ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವೂ ಮಂಡಳಿ ಪರೀಕ್ಷೆ ಪಾಸಾಗಬೇಕಾಗಿಲ್ಲ ಎನ್ನುತ್ತದೆ. 2019ರ ತಿದ್ದುಪಡಿಯಾದರೋ ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ನಿಯತ ಪರೀಕ್ಷೆ ಇರಬೇಕು, ಸೋತ ಮಗುವಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೆ ಅವಕಾಶ ಕೊಡಬೇಕು ಎನ್ನುತ್ತದೆ. ಈ ಎರಡರ ನಡುವೆ ದಾರಿ ಯಾವುದೆಂದು ಜೂನ್ ತಿಂಗಳಲ್ಲಿ ಕುಳಿತು ಯೋಚಿಸಬೇಕಾದವರು ಡಿಸೆಂಬರಿನಲ್ಲಿ ಸುತ್ತೋಲೆ ಬರೆದರು. ತಪ್ಪು ಅಲ್ಲಿದೆ.

ಈ ಮೊಕದ್ದಮೆಗಳನ್ನು ಹೂಡಿದವರು ಮುಖ್ಯವಾಗಿ ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು. ಅವರಿಗೆ ಅವರದೇ ಕಾರಣಗಳಿದ್ದವು, ವಕೀಲರೂ ಇದ್ದರು. ಆದರೆ ಈ ಮೂರು ತಾಲೂಕುಗಳ ಸರಕಾರಿ ಕನ್ನಡ, ಉರ್ದು, ಮರಾಠಿ ಶಾಲೆಗಳ ಮಕ್ಕಳ ಪರವಾಗಿ ದಿನಾಂಕದ ಬಗ್ಗೆ ಯಾರು ಮಾತನಾಡಿದರು? ನಾವು ಆ ವೇಳೆ ಏನು ಮಾಡುತ್ತಿದ್ದೆವು?

ನಾವು ಬೇರೊಂದು ವೇಳಾಪಟ್ಟಿಯ ಕುರಿತು ವಾಗ್ವಾದ ಕೇಳುತ್ತಿದ್ದೆವು. ಅದೇ 2024ರಲ್ಲಿ ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲ ದಿನಗಳಂದು ಬೆಳಿಗ್ಗೆ, ಮಾರ್ಚ್ 1ರ ಶುಕ್ರವಾರ ಮಾತ್ರ ಮಧ್ಯಾಹ್ನ ಎಂದಿತ್ತು. ಇದು ಜುಮಾ ನಮಾಝಿಗಾಗಿ ಮಾಡಿದ ಓಲೈಕೆ ಎಂದು ಕೆಲವರು ಬೊಬ್ಬೆ ಹಾಕಿದರು. ನಿಜ ಸಂಗತಿಯೆಂದರೆ ಅಂದು ಬೆಳಿಗ್ಗೆ ದ್ವಿತೀಯ ಪಿ.ಯು.ಸಿ. ಪರೀಕ್ಷೆ ಆರಂಭವಾಗುತ್ತಿತ್ತು. ಸರಕಾರ ಆ ವಿವರಣೆ ಕೊಟ್ಟಿತು. ವಿವರಣೆ ಬರುವಷ್ಟರಲ್ಲಿ ಸುಳ್ಳು ಊರೂರು ಸುತ್ತಿ ಮುಗಿದಿತ್ತು. ನನಗೆ ಬೇಸರವಾದದ್ದು ಆ ಸುಳ್ಳಿನಿಂದ ಮಾತ್ರವಲ್ಲ. ನಮ್ಮವರಲ್ಲಿ ಅನೇಕರು ಅದನ್ನು ನಂಬಿ, ಸರಕಾರ ನಮಗಾಗಿ ಇಷ್ಟಾದರೂ ಮಾಡಿತಲ್ಲ ಎಂದು ಸಂತೋಷಪಟ್ಟರು! ಯಾರೂ ಕೊಡದ ಉಡುಗೊರೆಗೆ ಒಬ್ಬರು ಸಿಟ್ಟಾದರು, ಇನ್ನೊಬ್ಬರು ಕೃತಜ್ಞರಾದರು. ವೇಳಾಪಟ್ಟಿಯನ್ನು ಪೂರ್ತಿಯಾಗಿ ಓದಿದವರು ಬಹಳ ಕಡಿಮೆ.

ಪರೀಕ್ಷೆ ಬೇಡವೇ ಎಂದು ನೀವು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ನಮ್ಮ ಭಾಗದ ಹಿರಿಯರಿಗೆ ಮುಲ್ಕಿ ಪರೀಕ್ಷೆ ನೆನಪಿರಬಹುದು. ಏಳನೆಯ ಇಯತ್ತೆಯ ಮುಲ್ಕಿ ಪಾಸಾದವನಿಗೆ ಊರಿನಲ್ಲಿ ಒಂದು ಗೌರವವಿತ್ತು. ಆದರೆ ಪಾಸಾಗದವರ ಕಥೆ ಯಾರೂ ಹೇಳುವುದಿಲ್ಲ. ಅವರು ಹೊಲಕ್ಕೆ ಹೋದರು, ಅಂಗಡಿಗೆ ಹೋದರು, ಗಿರಣಿಗೆ ಹೋದರು. ಮಗು ಎಲ್ಲಿ ಹಿಂದೆ ಬಿದ್ದಿದೆ ಎಂದು ತಿಳಿಯಲು ಪರೀಕ್ಷೆ ಬೇಕು. ಹಿಂದೆ ಬಿದ್ದ ಮಗುವನ್ನು ಹೊರಗೆ ಕಳುಹಿಸಲು ಅದು ನೆಪವಾಗಬಾರದು.

ಆ ನೆಪ ಹುಡುಕುವವರು ಸರಕಾರದಲ್ಲಿ ಮಾತ್ರ ಇದ್ದಾರೆಯೇ? 2023ರ ಷರತ್ತು ಸ್ಪಷ್ಟವಾಗಿತ್ತು, ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. ಆದರೂ ‘ಬೋರ್ಡ್ ಪರೀಕ್ಷೆ’ ಎಂಬ ಎರಡು ಪದಗಳು ನಮ್ಮ ಮನೆಗಳಲ್ಲಿ ಎಂತಹ ಭಯ ಹುಟ್ಟಿಸಿದವು! ಹುಕ್ಕೇರಿ ಕಡೆಯ ಒಬ್ಬ ತಾಯಿ ಎಂಟನೆಯ ತರಗತಿಯ ಮಗಳ ಬಗ್ಗೆ ನನ್ನಲ್ಲಿ ಕೇಳಿದರು: “ಭಾಯಿಜಾನ್, ಫೇಲಾದರೆ ಇವಳ ಅಬ್ಬಾ ಮತ್ತೆ ಶಾಲೆಗೆ ಕಳಿಸುವುದಿಲ್ಲ. ಪರೀಕ್ಷೆ ಬರೆಯಿಸದೆ ಬಿಟ್ಟರೆ ನಡೆಯುತ್ತದೆಯೇ?” ಆ ತಾಯಿಯ ಲೆಕ್ಕಾಚಾರ ಎಷ್ಟು ನೋವಿನದು ಎಂದು ಯೋಚಿಸಿರಿ. ಮಗಳನ್ನು ಶಾಲೆಯಲ್ಲಿ ಉಳಿಸುವುದಕ್ಕಾಗಿ ಪರೀಕ್ಷೆಯಿಂದ ತಪ್ಪಿಸಲು ಹೊರಟಿದ್ದರು. ಫೇಲ್ ಮಾಡುವಂತಿಲ್ಲ ಎಂದು ಹೇಳಿದಾಗ ಅವರ ಮುಖ ಅರಳಿತು. ಆ ಒಂದು ವಾಕ್ಯವನ್ನು ಶಾಲೆಯೂ ಹೇಳಿರಲಿಲ್ಲ, ಮೊಹಲ್ಲಾದ ಮಸೀದಿಯೂ ಹೇಳಿರಲಿಲ್ಲ.

ಒಂಬತ್ತನೆಯ ತರಗತಿಯ ವಿಷಯ ಇನ್ನೂ ಗಂಭೀರ. ಅಲ್ಲಿ ಮಗುವಿಗೆ ಹದಿನಾಲ್ಕು ದಾಟಿರುತ್ತದೆ, ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಮುಗಿದಿರುತ್ತದೆ. ಹುಡುಗನಿಗೆ ಗ್ಯಾರೇಜಿನಲ್ಲೋ ವೆಲ್ಡಿಂಗ್ ಅಂಗಡಿಯಲ್ಲೋ ಕೆಲಸ ಸಿದ್ಧವಿರುತ್ತದೆ. ಹುಡುಗಿಗೆ ಸಂಬಂಧ ಕೇಳಿಕೊಂಡು ಜನ ಬರಲಾರಂಭಿಸಿರುತ್ತಾರೆ. ಪರೀಕ್ಷೆ ಹದಿನೈದು ದಿನ ಮುಂದೆ ಹೋದರೆ ಓದುವ ಮನೆಯ ಮಗು ಹದಿನೈದು ದಿನ ಹೆಚ್ಚು ಓದುತ್ತದೆ. ಓದಿನ ವಾತಾವರಣವಿಲ್ಲದ ಮನೆಯ ಮಗು ಆ ಹದಿನೈದು ದಿನಗಳಲ್ಲಿ ಶಾಲೆಯ ದಾರಿಯನ್ನೇ ಮರೆಯುತ್ತದೆ. ದಿನಾಂಕದ ಬದಲಾವಣೆ ಎಲ್ಲರಿಗೂ ಸಮಾನ ಎನ್ನುವವರು ಈ ವ್ಯತ್ಯಾಸವನ್ನು ನೋಡಿಲ್ಲ.

ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಎಂದಾಗ ಊರಿನ ಸ್ಥಿತಿಯೂ ಲೆಕ್ಕಕ್ಕೆ ಬರಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ ಮನೆಗಳೊಂದಿಗೆ ಪುಸ್ತಕಗಳೂ ನೀರಾದವು. ಶಾಲೆಗಳೇ ನಿರಾಶ್ರಿತರ ಆಶ್ರಯವಾದವು. 2024ರ ಜುಲೈಯಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. ನದಿ ದಂಡೆಯ ಮೂಡಲಗಿ ತಾಲೂಕಿನ ಹಳ್ಳಿಗಳಿಗೂ ಈ ಅನುಭವ ಹೊಸದಲ್ಲ. ಸಂಕೇಶ್ವರದ ಸುತ್ತ ಕಬ್ಬಿನ ಹಂಗಾಮಿನಲ್ಲಿ ತಂದೆತಾಯಿಯರ ಜೊತೆ ಗಾಡಿಯಲ್ಲಿ ತಿರುಗುವ ಮಕ್ಕಳನ್ನು ನೀವೇ ನೋಡಿದ್ದೀರಿ. ಉರ್ದು ಶಾಲೆಯಲ್ಲಿ ಗಣಿತದ ಶಿಕ್ಷಕರು ವರ್ಷದ ಮಧ್ಯೆ ಬಂದರೆ ಪಾಠ ಎಲ್ಲಿಯ ತನಕ ಮುಗಿದೀತು? ಬೆಂಗಳೂರಿನಲ್ಲಿ ಕುಳಿತು ಬರೆದ ಪ್ರಶ್ನೆಪತ್ರಿಕೆಗೆ ಇದಾವುದೂ ತಿಳಿಯುವುದಿಲ್ಲ. ಜಿಲ್ಲೆಯಲ್ಲಿ ಕಳೆದುಹೋದ ಶಾಲಾ ದಿನಗಳನ್ನು ಲೆಕ್ಕ ಹಾಕಿ, ವಿಶೇಷ ತರಗತಿ ನಡೆಸಿ, ಆಮೇಲೆ ಪರೀಕ್ಷೆಯ ಮಾತನಾಡುವುದು ನ್ಯಾಯ.

ಇನ್ನು ರಮಝಾನಿನ ವಿಷಯ. ಇಲ್ಲಿ ನನ್ನ ಮಾತು ಕೆಲವರಿಗೆ ಕಹಿಯಾಗಬಹುದು.

ಮದ್ರಸಗಳಲ್ಲಿ ವರ್ಷ ಆರಂಭವಾಗುವುದು ಶವ್ವಾಲ್‌ನಲ್ಲಿ, ವಾರ್ಷಿಕ ಪರೀಕ್ಷೆ ಶಅಬಾನ್‌ನಲ್ಲಿ, ರಜೆ ರಮಝಾನ್‌ನಲ್ಲಿ. ನಾನು ಕಲಿತದ್ದೂ ಹಾಗೆಯೇ. ನಮ್ಮ ಹಿರಿಯ ಉಲಮಾಗಳು ಆರಾಧನೆಯ ತಿಂಗಳನ್ನು ಮುಂದಿಟ್ಟುಕೊಂಡು ಇಡೀ ವರ್ಷವನ್ನು ರೂಪಿಸಿದರು. ಆದರೆ ಸರಕಾರಿ ಶಾಲೆ ಚಂದ್ರಮಾನದಂತೆ ನಡೆಯಲಾರದು, ನಡೆಯಬೇಕೆಂದು ಕೇಳುವುದೂ ಸರಿಯಲ್ಲ. ರಮಝಾನ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2023ರಲ್ಲಿ ಮಾರ್ಚ್ 24ಕ್ಕೆ ಆರಂಭವಾದ ತಿಂಗಳು 2024ರಲ್ಲಿ ಮಾರ್ಚ್ 12ಕ್ಕೆ, 2025ರಲ್ಲಿ ಮಾರ್ಚ್ 2ಕ್ಕೆ ಬಂತು. 2030ರ ಹೊತ್ತಿಗೆ ಅದು ಜನವರಿಯಲ್ಲಿರುತ್ತದೆ. ಆಗ ಮಾರ್ಚ್ ಪರೀಕ್ಷೆಗೂ ಉಪವಾಸಕ್ಕೂ ಸಂಬಂಧವೇ ಇರುವುದಿಲ್ಲ. ಆಗ ನಮ್ಮ ಮಕ್ಕಳ ಅಂಕಗಳು ತಾನಾಗಿಯೇ ಏರುತ್ತವೆಯೇ?

ಐದನೆಯ ತರಗತಿಯ ಮಗುವಿಗೆ ಸಾಮಾನ್ಯವಾಗಿ ಉಪವಾಸ ಇನ್ನೂ ಕಡ್ಡಾಯವಾಗಿರುವುದಿಲ್ಲ. ಕುರ್‌ಆನ್ ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ಕೊಟ್ಟಿದೆ, ಅಲ್ಲಾಹನು ದಾಸರಿಗೆ ಸುಲಭವನ್ನೇ ಬಯಸುತ್ತಾನೆ ಎಂದು ಕಲಿಸಿದೆ. ಪ್ರಾಯಕ್ಕೆ ಬಂದ ಮಗು ಉಪವಾಸವಿದ್ದು ಪರೀಕ್ಷೆ ಬರೆಯಬಲ್ಲದು, ಬರೆಯುತ್ತಲೂ ಇದೆ. ಅದಕ್ಕೆ ಕಷ್ಟವಾಗುವುದು ಹಗಲಿನ ಹಸಿವಿನಿಂದಲ್ಲ, ನಾವು ಕಟ್ಟಿಕೊಂಡ ರಾತ್ರಿಯಿಂದ. ಗಂಡುಮಕ್ಕಳು ಸಹರಿಯ ತನಕ ಬಜಾರಿನಲ್ಲಿ. ಹೆಣ್ಣುಮಕ್ಕಳು ಪರೀಕ್ಷೆ ಬರೆದು ಬಂದವರೇ ಅಸರ್‌ನಿಂದ ಮಗ್ರಿಬ್ ತನಕ ಸಮೋಸ, ಭಜಿ ಕರಿಯುತ್ತ ಅಡುಗೆಮನೆಯಲ್ಲಿ. ನಡುರಾತ್ರಿ ಎರಡು ಗಂಟೆಯಿಂದಲೇ ಧ್ವನಿವರ್ಧಕದಲ್ಲಿ ಎಬ್ಬಿಸುವ ಉತ್ಸಾಹ. ಇವುಗಳಲ್ಲಿ ಯಾವುದು ದೀನ್? ಮಾರ್ಚಿನ ಆ ವಾರಗಳಲ್ಲಿ ಇಫ್ತಾರ್‌ಗೆ ಖರ್ಜೂರ, ಹಣ್ಣು, ಗಂಜಿ ಸಾಕು ಎಂದು ತಂದೆಯೊಬ್ಬ ಹೇಳಿದರೆ ಮಗಳಿಗೆ ದಿನಕ್ಕೆ ಎರಡು ತಾಸು ಸಿಗುತ್ತದೆ.

ಮದುವೆಗಳ ಕಥೆಯೂ ಅಷ್ಟೇ. ರಮಝಾನಿಗೆ ಮುಂಚೆ ಮುಗಿಸಿಬಿಡೋಣ ಎಂದು ಶಅಬಾನಿನಲ್ಲಿ ಸಾಲು ಸಾಲು ನಿಕಾಹ್‌ಗಳು. ಆ ವರ್ಷಗಳಲ್ಲಿ ಶಅಬಾನ್ ಎಂದರೆ ಫೆಬ್ರವರಿ, ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಕಾಲ. ಮನೆ ತುಂಬ ನೆಂಟರು. ಮಗು ಎಲ್ಲಿ ಕುಳಿತು ಓದಬೇಕು? ದಿನಾಂಕ ನಿಗದಿಪಡಿಸುವ ಮುನ್ನ ಸಭಾಭವನದವರನ್ನು, ಬಾವರ್ಚಿಯನ್ನು, ದುಬೈಯಲ್ಲಿರುವ ಚಿಕ್ಕಪ್ಪನನ್ನು ಕೇಳುತ್ತೇವೆ. ಅದೇ ಮನೆಯಲ್ಲಿ ಹತ್ತನೆಯ ತರಗತಿಯಲ್ಲಿರುವ ಹುಡುಗಿಯನ್ನು ಮಾತ್ರ ಕೇಳುವುದಿಲ್ಲ. ಸರಕಾರ ನಮ್ಮನ್ನು ಕೇಳದೆ ದಿನಾಂಕ ಬದಲಿಸಿತು ಎಂಬ ನಮ್ಮ ದೂರು ಅವಳ ಬಾಯಲ್ಲೂ ಇದೆ. ಅವಳು ಹೇಳುವುದಿಲ್ಲ, ಅಷ್ಟೇ.

2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಸೋತವರು ಕೆಲವೇ ತಿಂಗಳುಗಳಲ್ಲಿ ಮತ್ತೆ ಬರೆಯಬಹುದಾಗಿತ್ತು. ಇದನ್ನು ತಿಳಿಯದೆ, ಫೇಲಾದಳು ಎಂದು ಮೇ ತಿಂಗಳಲ್ಲೇ ಮಗಳ ನಿಶ್ಚಿತಾರ್ಥ ಮಾಡಿದ ಮನೆಗಳು ನಮ್ಮ ನಡುವೆಯೇ ಇವೆ. ಮರುಪರೀಕ್ಷೆಯ ದಿನಾಂಕ ಮತ್ತು ಶುಲ್ಕ ಕಟ್ಟುವ ಕೊನೆಯ ದಿನವನ್ನು ಜುಮಾ ನಂತರ ಎರಡು ನಿಮಿಷ ಓದಿ ಹೇಳುವುದು ಮಸೀದಿ ಕಮಿಟಿಗಳಿಗೆ ಕಷ್ಟದ ಕೆಲಸವೇ? ಚಂದಾ ಲೆಕ್ಕವನ್ನು ಎಷ್ಟು ವಿವರವಾಗಿ ಓದುತ್ತೇವೆ!

ಅಮಾನತ್ ಎಂಬುದನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತೇವೆ. ಕೊಟ್ಟ ಸಮಯವೂ ಅಮಾನತ್ ಆಗಿದೆ. ಆದುದರಿಂದ ಸರಕಾರದಲ್ಲಿ ನಾವು ಕೇಳಬೇಕಾದದ್ದು ರಮಝಾನಿನಲ್ಲಿ ಪರೀಕ್ಷೆ ಬೇಡ ಎಂದಲ್ಲ. ಯಾವ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ಇದೆ ಎಂಬುದನ್ನು ಶಾಲೆ ಆರಂಭವಾಗುವಾಗಲೇ ಕಾನೂನುಬದ್ಧವಾಗಿ ಘೋಷಿಸಲಿ, ಈದ್, ಹೋಳಿ, ಗುಡ್ ಫ್ರೈಡೇಗಳನ್ನು ನೋಡಿ ದಿನಾಂಕ ಹಾಕಲಿ, ಹಾಕಿದ ಮೇಲೆ ಬದಲಿಸದಿರಲಿ. ಇದರಲ್ಲಿ ಮುಸ್ಲಿಮ್ ಬೇಡಿಕೆ ಎಂಬುದೇನೂ ಇಲ್ಲ. ನೆರೆಯ ಲಿಂಗಾಯತ, ಕುರುಬ, ದಲಿತ ಮನೆಗಳ ಹೆತ್ತವರೂ ಇದಕ್ಕೆ ಸಹಿ ಹಾಕುತ್ತಾರೆ. ಅವರ ಜೊತೆಯಲ್ಲೇ ಹೋಗಿ ಕೇಳಿರಿ.

ಎಲ್ಲಿ ಕೇಳಬೇಕು? ಪ್ರತಿ ಸರಕಾರಿ ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಇದೆ. ನಿಮ್ಮಲ್ಲಿ ಎಷ್ಟು ಜನ ಅದರ ಸದಸ್ಯರೆಂದು ಕೈ ಎತ್ತಿರಿ ಎಂದರೆ ಸಭೆಗೆ ಮುಜುಗರವಾದೀತು, ಬೇಡ. ಮುಂದಿನ ಸಭೆಗೆ ತಾಯಂದಿರೂ ಹೋಗಲಿ. ಈ ವರ್ಷ ಯಾವ ತರಗತಿಗೆ ಯಾವ ಪರೀಕ್ಷೆ, ಪಾಠ ಎಲ್ಲಿಗೆ ಬಂದಿದೆ, ಶಿಕ್ಷಕರ ಹುದ್ದೆ ಖಾಲಿ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಅದರ ಪ್ರತಿಯೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೊಳಗೇ ಇವೆ. ಮೂರು ಕಡೆಯಿಂದಲೂ ಒಂದೇ ಮನವಿ ಹೋದರೆ ಉಪನಿರ್ದೇಶಕರ ಮೇಜಿನ ಮೇಲೆ ಅದಕ್ಕೆ ತೂಕ ಬರುತ್ತದೆ.

ಮನವಿಯ ಕರಡನ್ನು ಬರೆದು ತಂದಿದ್ದೇನೆ. ಮಗ್ರಿಬ್‌ಗೆ ಇನ್ನೂ ಅರ್ಧ ತಾಸು ಇದೆ. ತಿದ್ದುವವರು ಮುಂದೆ ಬರಲಿ, ಸಹೋದರಿಯರ ಬಳಿಗೂ ಒಂದು ಪ್ರತಿ ಹೋಗಲಿ.