ಬೀಸುಕಲ್ಲು ವಾದ್ಯವಲ್ಲ



ಮೊಹರಂ ದಿನಗಳಲ್ಲಿ ಹುನಗುಂದದ ಕಡೆಯ ಹಳ್ಳಿಗೆ ಹೋಗಿ ಅಲಾಯಿ ಕುಣಿಯ, ಅಂದರೆ ಮೊಹರಮ್ಮಿನ ಬೆಂಕಿಗುಂಡಿಯ, ಹತ್ತಿರ ನಿಲ್ಲಿ. ಹಲಗಿಯವರು ಒಣ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗಿಯ ಮುಖವನ್ನು ಉರಿಗೆ ಹಿಡಿದು ತಿರುಗಿಸುತ್ತಿರುತ್ತಾರೆ. ನಡುನಡುವೆ ಬೆರಳಿನಿಂದ ಬಡಿದು ನೋಡುತ್ತಾರೆ. ‘ಧಬ್’ ಅಂದರೆ ಇನ್ನೂ ಕಾಯಬೇಕು, ‘ಟಣ್’ ಅಂದರೆ ತೊಗಲು ಬಿಗಿಯಾಯಿತು. ಆಮೇಲೆ ಹೆಜ್ಜಿ ಮ್ಯಾಳ, ರಿವಾಯತ ಪದ, ಕರ್ಬಲಾ ಕಾಳಗದಲ್ಲಿ ಮಡಿದವರ ಕಥೆ, ಎಲ್ಲವೂ ಕನ್ನಡದಲ್ಲೇ. ಹಾಡುವವರಲ್ಲಿ ಮುಸಲ್ಮಾನರು ಎಷ್ಟು, ಉಳಿದವರು ಎಷ್ಟು ಎಂದು ಎಣಿಸುವವರಿಲ್ಲ. ಅದೇ ಊರಿನ ಮಸೀದಿಯೊಳಗೆ ಮಾತ್ರ ಯಾವ ವಾದ್ಯಕ್ಕೂ ಜಾಗವಿಲ್ಲ.

ಇಸ್ಲಾಮಿನಲ್ಲಿ ವಾದ್ಯ ಸಲ್ಲುತ್ತದೆಯೇ? ಈ ತಕರಾರಿಗೆ ಸಾವಿರ ವರ್ಷ ದಾಟಿದೆ. ಕುರಾನು ವಾದ್ಯಗಳನ್ನು ಹೆಸರು ಹಿಡಿದು ಬೇಡ ಎಂದಿಲ್ಲ. ಪೈಗಂಬರರ ನಡೆನುಡಿಯನ್ನು ಹೇಳುವ ಹದೀಸುಗಳಿಗೆ ಬಂದರೆ ಎರಡೂ ಕಡೆಯವರಿಗೆ ಆಧಾರ ಸಿಗುತ್ತದೆ. ಹೆಂಡ, ರೇಷ್ಮೆಗಳ ಜೊತೆ ವಾದ್ಯವನ್ನೂ ಸೇರಿಸಿ ಗದರಿಸುವ ಒಂದು ಮಾತಿದೆ. ಹಬ್ಬದ ದಿನ ಪೈಗಂಬರರ ಮಡದಿ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಆಯಿಷಾರ ತಂದೆ ಅಬೂಬಕರ್ ಸಿಡುಕಿದರೂ, ಇರಲಿ ಬಿಡು ಎಂದು ಪೈಗಂಬರರೇ ತಡೆದ ಪ್ರಸಂಗವೂ ಇದೆ. 1064ರಲ್ಲಿ ತೀರಿಕೊಂಡ ಸ್ಪೇನಿನ ಇಬ್ನ್ ಹಜ್ಮ್, ನಿಷೇಧದ ಹದೀಸುಗಳೇ ಗಟ್ಟಿಯಲ್ಲ ಎಂದು ವಾದಿಸಿದರು. ಅವರಂಥವರು ಕೆಲವರೇ. ಹೆಚ್ಚಿನ ನ್ಯಾಯಪಂಡಿತರು ಬೇಡ ಎನ್ನುವ ಕಡೆಗೇ ಇದ್ದರು.

ನನಗೆ ಹಿಡಿಸುವುದು 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರ ತರ್ಕ. ಹಾಡಿನಲ್ಲಿ ದೋಷವಿಲ್ಲ, ದಫ್ಪಿನಲ್ಲಿಲ್ಲ, ಯಾತ್ರಿಕರ ನಗಾರಿಯಲ್ಲೂ ಇಲ್ಲ. ತಂತಿವಾದ್ಯ ಮಾತ್ರ ಕುಡುಕರ ಕೂಟದ ಗೆಳೆಯ, ಆದ್ದರಿಂದ ಬೇಡ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಹವಾಸ ದೋಷ! ನಡು ಸಣ್ಣಗಿರುವ ‘ಕೂಬಾ’ ಎಂಬ ಡೋಲನ್ನೂ ಅವರು ಇದೇ ಸಾಲಿಗೆ ಸೇರಿಸಿದರು. ನಮ್ಮ ಶಿವನ ಡಮರುವಿನ ನಡುವೂ ಸಣ್ಣದೇ. ಬಾದಾಮಿಯ ಮೊದಲ ಗುಹೆಯಲ್ಲಿ 18 ಕೈಯ ನಟರಾಜ, ಪಕ್ಕದಲ್ಲಿ ಅವನ ಮದ್ದಳೆಗಾರ. ಗುಡ್ಡ ಇಳಿದರೆ ಬುಡದಲ್ಲೇ ಹಳೆಯ ಮಸೀದಿ. ಗಜಾಲಿ ಅಲ್ಲಿ ನಿಂತಿದ್ದರೆ ಏನನ್ನುತ್ತಿದ್ದರೋ.

ದಖ್ಖನಿಗೆ ಈ ತಕರಾರು ಸೂಫಿಗಳ ಜೊತೆಯಲ್ಲೇ ಬಂತು. ಸುಮಾರು 1400ರಲ್ಲಿ ಕಲಬುರ್ಗಿಗೆ ಬಂದ ಬಂದೇನವಾಜ್ ಗೇಸುದರಾಜರು ಚಿಶ್ತಿ ಪಂಥದವರು, ‘ಸಮಾ’ ಅಂದರೆ ಭಕ್ತಿಗಾಯನವನ್ನು ಒಪ್ಪಿದವರು. ಆಮೇಲೆ ನಮ್ಮ ಸೀಮೆಯನ್ನೂ ಆಳಿದ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ. 1580ರಿಂದ 1627ರವರೆಗೆ ಅವನದೇ ಕಾಲ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟವನು, ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಗೇಸುದರಾಜರನ್ನೂ ಒಟ್ಟಿಗೇ ನೆನೆದವನು. ಪಂಡಿತರು ಬೇಡವೆಂದ ತಂತಿಗೆ ದೊರೆಯೇ ಖಾನ್ ಪದವಿ ಕೊಟ್ಟ! ಬಿಜಾಪುರದ ಸೂಫಿಗಳೆಲ್ಲ ಇದಕ್ಕೆ ತಲೆದೂಗಲಿಲ್ಲ. ಖಾದ್ರಿ, ಷತ್ತಾರಿ ಪಂಥಗಳಲ್ಲಿ ಬಿಗಿ ಹೆಚ್ಚು.

ದೊರೆಯ ತಂಬೂರಿಗಿಂತ ನನಗೆ ದೊಡ್ಡದಾಗಿ ಕಾಣುವುದು ಬೀಸುಕಲ್ಲು. ಬಿಜಾಪುರದ ಚಿಶ್ತಿ ಪರಂಪರೆಯವರು ದಖನಿ ಭಾಷೆಯಲ್ಲಿ ‘ಚಕ್ಕಿನಾಮಾ’, ‘ಚರಖಾನಾಮಾ’ ಎಂಬ ಹಾಡುಗಳನ್ನು ಕಟ್ಟಿದರು. ಹೆಣ್ಣುಮಕ್ಕಳು ಬೀಸುತ್ತ, ನೂಲುತ್ತ ಹಾಡಿಕೊಳ್ಳುವ ಪದಗಳವು. ಕಲ್ಲಿನ ನೆಟ್ಟಗಿನ ಗೂಟ ಅಲ್ಲಾಹನ ಹೆಸರಿನ ಮೊದಲಕ್ಷರ ಅಲಿಫ್. ಕಲ್ಲು ತಿರುಗಿದಂತೆ ಉಸಿರಿನೊಳಗೆ ನಾಮಸ್ಮರಣೆ. ಕೋಳಿ ಕೂಗುವ ಮುಂಚೆ ಎದ್ದು ಕಾಲು ಚಾಚಿ, ಎಡಗೈಯಿಂದ ಹಿಡಿ ಜೋಳ ಹಾಕಿ ಬಲಗೈಯಿಂದ ತಿರುವಿದವರಿಗೆ ಆ ಲಯ ಗೊತ್ತು. ಘರ್ ಘರ್ ಎನ್ನುವ ಶ್ರುತಿಯೂ ಅದರದೇ, ತಾಳವೂ ಅದರದೇ. ಆದರೂ ಅದು ವಾದ್ಯವಲ್ಲವಲ್ಲ, ರೊಟ್ಟಿಯ ಹಿಟ್ಟಿನ ಸಾಮಾನು! ಯಾವ ಪಂಡಿತ ತಾನೇ ತಕರಾರು ತೆಗೆದಾನು? ಇಳಕಲ್ಲಿನ ಕುಣಿಮಗ್ಗದ ಮುಂದೆ ಕೂತ ನೇಕಾರನ ಕಾಲುಮಣೆಗೂ ಇದೇ ಮಾತು.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ. ತನ್ನ ದರ್ಬಾರಿನಿಂದ ಗಾಯನವನ್ನು ದೂರ ಇಟ್ಟವನ ಆಳ್ವಿಕೆ ಬಂದರೂ ಬೀಸುವ ಪದ ನಿಲ್ಲಲಿಲ್ಲ. 1866ರಲ್ಲಿ ಶುರುವಾದ ದೇವಬಂದಿನ ಮದರಸಾದ ವಿದ್ವಾಂಸರು ವಾದ್ಯವನ್ನು ಒಪ್ಪಲಿಲ್ಲ, ಅದು ಎಲ್ಲರಿಗೂ ಗೊತ್ತು. ಉರುಸು, ಗಂಧ, ದರ್ಗಾಗಳ ಪರ ನಿಂತ ಬರೇಲಿಯ ಅಹ್ಮದ್ ರಜಾ ಖಾನರೂ ವಾದ್ಯ ಹಿಡಿದು ಹಾಡುವ ಕವ್ವಾಲಿಯನ್ನು ಒಪ್ಪಿದವರಲ್ಲ. ಇದನ್ನು ಹೇಳಿದರೆ ಉರುಸಿಗೆ ಬಂದವರೇ ನಂಬುವುದಿಲ್ಲ. ಇಳಕಲ್ಲಿನ ಮುರ್ತುಜಾ ಖಾದ್ರಿ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುವ ನಾಡಿದು. ಇಲ್ಲಿ ಪುಸ್ತಕವೇ ಬೇರೆ, ರೂಢಿಯೇ ಬೇರೆ. ಕೃಷ್ಣೆಯ ಮೇಲ್ದಂಡೆಯ ಮಿರಜಿಗೆ ಹೋದರೆ ಅಲ್ಲಿ ತಲೆತಲಾಂತರದಿಂದ ತಂಬೂರಿ, ಸಿತಾರಿಗೆ ಕುಂಬಳಬುರುಡೆ ಕೊರೆದು ತಂತಿ ಕಟ್ಟುತ್ತಿರುವವರು ಮುಸಲ್ಮಾನರೇ.

ಈಗ ಹಲವು ಜಮಾತುಗಳಲ್ಲಿ ಮದುವೆಗೆ ಬ್ಯಾಂಡು, ಡಿಜೆ ಬೇಡ ಎಂಬ ಮಾತು ನಡೆದಿದೆ. ಡಿಜೆಯ ವಿಷಯದಲ್ಲಿ ನನ್ನ ಕಿವಿ ಜಮಾತಿನ ಪರ, ಧರ್ಮದ ಕಾರಣಕ್ಕಲ್ಲದಿದ್ದರೂ. ರಿವಾಯತ ಪದವನ್ನೂ ಅದೇ ಬುಟ್ಟಿಗೆ ಹಾಕಿದರೆ ಮಾತ್ರ ಒಪ್ಪಲಾರೆ. ಅದು ಮೋಜಲ್ಲ, ಸತ್ತವರಿಗಾಗಿ ಅಳುವ ರೀತಿ.

ಮೊಹರಮ್ಮಿನ ಮೆರವಣಿಗೆಯ ನಡುವೆ ಅಜಾನ್ ಕೇಳಿದರೆ ಹಲಗಿ ತಾನಾಗಿಯೇ ನಿಲ್ಲುತ್ತದೆ. ಕಡ್ಡಿ ಕಂಕುಳಿಗೆ ಸೇರುತ್ತದೆ. ನಮಾಜಿಗೆ ಹೋದವರು ಬರುವಷ್ಟರಲ್ಲಿ ತೊಗಲು ತಣ್ಣಗಾಗಿ ಸಡಿಲಾಗಿರುತ್ತದೆ. ಯಾರೋ ಒಬ್ಬರು ಒಣ ಹುಲ್ಲು ಹುಡುಕಿಕೊಂಡು ಹೊರಡುತ್ತಾರೆ.