ಕಂಡದ್ದನ್ನು ಕಾಣಿಸುವವರು



ಸಂಜೆಯಾಯಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಮನೆಯಲ್ಲಿಯೂ ಟೆಲಿವಿಷನ್ನಿನ ವಾರ್ತೆ ಕೇಳಿಬರುತ್ತದೆ. ವಾರ್ತೆ ಓದುವವರ ಮುಖ ನಮಗೆ ಪರಿಚಿತ. ಆದರೆ ಅದನ್ನು ಹಳ್ಳಿಯಿಂದ ಹೆಕ್ಕಿ ಕಳುಹಿಸಿದ ಸ್ಥಳೀಯ ವರದಿಗಾರ ಯಾರೆಂದು ನಾವು ವಿಚಾರಿಸುವುದೇ ಇಲ್ಲ. ಅವನ ವೃತ್ತಿಜೀವನವನ್ನು ಕುರಿತು ಇಂದು ನಾಲ್ಕು ಮಾತು.

ರಾಜಧಾನಿಯಿಂದ ಬಂದ ವರದಿಗಾರ ಕೆಲಸ ಮುಗಿಸಿ ತನ್ನೂರಿಗೆ ಮರಳುತ್ತಾನೆ. ಸ್ಥಳೀಯನಿಗೆ ಮರಳಲು ಬೇರೊಂದು ಊರಿಲ್ಲ. ಯಾರ ಅನ್ಯಾಯವನ್ನು ಬಯಲಿಗೆಳೆದನೋ ಅವರ ಅಂಗಡಿಯಲ್ಲಿಯೇ ನಾಳೆ ಅಕ್ಕಿಬೇಳೆ ಕೊಳ್ಳಬೇಕು. ಇಂಥವರಲ್ಲಿ ಅನೇಕರಿಗೆ ತಿಂಗಳ ಸಂಬಳವೂ ಇಲ್ಲ. ಪ್ರಸಾರವಾದ ಸುದ್ದಿಗೆ ಇಷ್ಟು ಎಂದು ಸಂಭಾವನೆ.

ಆದರೂ ಅವರ ಕೆಲಸ ಅಲ್ಪವಾದುದಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಶಿಶುವೊಂದು ಗುಡಿಯೊಳಗೆ ಓಡಿಹೋಯಿತು. ಶುದ್ಧೀಕರಣಕ್ಕೆಂದು ಹೆತ್ತವರಿಂದ 25,000 ರೂಪಾಯಿ ಕೇಳಲಾಯಿತು. ಸುದ್ದಿ ಊರ ಗಡಿ ದಾಟಿದ ಮೇಲೆಯೇ ಕಾನೂನು ಎಚ್ಚೆತ್ತು, ಪೊಲೀಸರು ಐವರನ್ನು ಬಂಧಿಸಿದರು.

ಗಡಿ ದಾಟಿಸಿದವನು ತೆರಬೇಕಾದ ಬೆಲೆಗೆ ಮಂಗಳೂರಿನ ನವೀನ್ ಸೂರಿಂಜೆಯವರ ಪ್ರಸಂಗವೇ ನಿದರ್ಶನ. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ತರುಣ ತರುಣಿಯರ ಮೇಲೆ ಗುಂಪೊಂದು ಎರಗಿತು. ಕಸ್ತೂರಿ ವಾಹಿನಿಯ ವರದಿಗಾರರಾಗಿದ್ದ ಸೂರಿಂಜೆ ಆ ಹಿಂಸೆಯನ್ನು ನಾಡಿಗೆ ಕಾಣಿಸಿದರು. ಪೊಲೀಸರು ಅವರನ್ನೂ ಆರೋಪಿಗಳ ಸಾಲಿಗೆ ಸೇರಿಸಿ ನವೆಂಬರ್ 7ರಂದು ಬಂಧಿಸಿದರು. ನಾಲ್ಕು ತಿಂಗಳಿಗೂ ಮಿಕ್ಕ ಸೆರೆವಾಸದ ತರುವಾಯ, 2013ರ ಮಾರ್ಚಿಯಲ್ಲಿ ಅವರಿಗೆ ಜಾಮೀನು ದೊರೆಯಿತು. ಅವರ ಮೇಲಿನ ಮೊಕದ್ದಮೆಯನ್ನು ಸರ್ಕಾರ ಹಿಂತೆಗೆದುಕೊಂಡದ್ದು ಆ ಬಳಿಕ. ನಾಡೆಲ್ಲ ಕಣ್ಣಾರೆ ಕಂಡ ಆ ದಾಳಿಯ ಮೊಕದ್ದಮೆ 2024ರ ಆಗಸ್ಟಿನಲ್ಲಿ ಆರೋಪಿಗಳ ಬಿಡುಗಡೆಯಲ್ಲಿ ಕೊನೆಗೊಂಡಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನೋಡುವವರ ಮನಸ್ಸನ್ನು ಕಲಕಲು ದೃಶ್ಯವೊಂದು ಸಾಕು. ನ್ಯಾಯಸ್ಥಾನದಲ್ಲಿ ಅಪರಾಧ ಸ್ಥಾಪಿತವಾಗಲು ಸಾಕ್ಷಿ ನುಡಿಯುವವರು ಬೇಕು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ಮರುತಿಂಗಳೇ ಅವರಲ್ಲಿ ಬಹುಮಂದಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಬೆಂಕಿಯ ದಿನ ಬರುವ ಕ್ಯಾಮೆರಾಗಳು ಬಹಳ. ಹತ್ತು ವರ್ಷಗಳ ಕಾಲ ಅದೇ ಓಣಿಗೆ ಮತ್ತೆ ಮತ್ತೆ ಹೋಗಿ, ಸಾಕ್ಷಿದಾರರು ಹೇಗಿದ್ದಾರೆಂದು ಕೇಳಬಲ್ಲವನು ಸ್ಥಳೀಯ ವರದಿಗಾರನೊಬ್ಬನೇ.

ನಾನು ತರಗತಿಯಲ್ಲಿ ಭಾಷೆ ಕಲಿಸಿದವನು. ನನ್ನ ಶಿಷ್ಯರಲ್ಲಿ ಕೆಲವರು ಈ ವೃತ್ತಿಯನ್ನು ಹಿಡಿದರು. ಅಂದು ಅವರಿಗೆ ನಿರ್ಭಯವಾಗಿ ಬರೆಯಿರೆಂದು ಬೋಧಿಸಿದ್ದೆ. ಬರೆದವನ ಬೆನ್ನಿಗೆ ನಿಲ್ಲಿರೆಂದು ಊರಿಗೆ ಹೇಳುವುದನ್ನು ಮರೆತಿದ್ದೆ. ಆ ಮರೆತ ಪಾಠವನ್ನು ಈ ಹೊತ್ತು ತಮ್ಮ ಮುಂದೆ ಒಪ್ಪಿಸಿ ವಿರಮಿಸುತ್ತೇನೆ.